ಹಗ್ಗದ ತುದಿ ಮುಟ್ಟುವ ಜಾಗ

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಹೆಂಗಸರೆಲ್ಲ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದರೆ ನಮ್ಮವ್ವ ಮಾತ್ರ ಕೈಪಂಪು ಜಗ್ಗಿ ಜಗ್ಗಿ ಹೈರಾಣಾಗುತ್ತಿದ್ದಳು. ಅದಕ್ಕೆ ಕಾರಣವಿತ್ತು. ನನಗಿಂತ ಮೊದಲು ಅವಳಿಗೊಂದು ಹೆಣ್ಣುಕೂಸು ಹುಟ್ಟಿ, ತಿಂಗಳು ತುಂಬುವುದರೊಳಗೆ ತೀರಿಕೊಂಡಿತ್ತು. ಹಾಲುಗೂಸನ್ನು ಸ್ವಂತ ಹೊಲದ ಬದುವಿನಲ್ಲೇ ಮಣ್ಣು ಮಾಡುವುದು ನಮ್ಮ ಮನೆತನದ ರೂಢಿ. ಮುಂದೆ ಅವ್ವ ನನ್ನನ್ನು ಹಡೆಯಲು ಸುರಪುರದ ತವರಿಗೆ ಹೋಗಿದ್ದಾಗ ಆ ಹೊಲ ಕಾಲುವೆಗೆ ಹೋಯಿತು. ನನ್ನನ್ನೆತ್ತಿಕೊಂಡು ತಿರುಗಿ ಬರುವಷ್ಟರಲ್ಲಿ ಬಾವಿ, ಬದು, ಗುರುತಿನ ಕಲ್ಲು ಯಾವುದೂ ಉಳಿದಿರಲಿಲ್ಲ. ನಾವು ಊರು ಬಿಟ್ಟು ಕ್ಯಾಂಪಿಗೆ ಬಂದೆವು. ಅಪ್ಪನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಸಾಯುವವರೆಗೂ ಬಾಯಿ ಬಿಡಲಿಲ್ಲ. ಕೂಸು ನೀರಿನಡಿಗೇ ಹೋಯಿತೆಂದು ಅವ್ವ ತಿಳಿದುಕೊಂಡಳು.

ದೊಡ್ಡವಳಾದ ಮೇಲೆ ನಾನು ಅದೇ ಕ್ಯಾಂಪಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಕಂಪ್ಯೂಟರ್ ಬಂದ ನಂತರ ನನ್ನ ಕೆಲಸ ಇಷ್ಟೇ: ಹಳೆಯ ಗ್ರಾಮನಕ್ಷೆಯನ್ನು ಸ್ಕ್ಯಾನ್ ಮಾಡಿ, ಆಕಾಶದಿಂದ ತೆಗೆದ ಈಗಿನ ಫೋಟೋದ ಮೇಲೆ ಕೂಡಿಸುವುದು. ಹೇಳಲು ಸುಲಭ. ಬಟ್ಟೆಗೆ ಅಂಟಿಸಿದ ನಕ್ಷೆ ಮಡಚಿ ಮಡಚಿ ಒಂದು ಕಡೆ ಜಗ್ಗಿರುತ್ತದೆ, ಸ್ಕ್ಯಾನ್ ಮಾಡಿದ ಪುಣ್ಯಾತ್ಮ ಓರೆಯಾಗಿ ಇಟ್ಟಿರುತ್ತಾನೆ. ಎರಡರಲ್ಲೂ ಕಾಣುವ ಗುಡಿ, ಗಡಿಕಲ್ಲು, ಬಂಡಿದಾರಿಗಳು ಕೂಡುವ ಜಾಗ ಹಿಡಿದು ಸರಿಸಬೇಕು, ತಿರುಗಿಸಬೇಕು, ಹಿಗ್ಗಿಸಬೇಕು. ಅಳುವ ಕೂಸಿಗೆ ಅಂಗಿ ತೊಡಿಸಿದ ಹಾಗೆ, ಒಂದು ತೋಳು ಒಳಗೆ ಹೋಯಿತೆನ್ನುವಾಗ ಇನ್ನೊಂದು ಹೊರಗೆ ಬಂದಿರುತ್ತದೆ. ಪರದೆಯ ಮೇಲೆ ಚಿತ್ರ ಹಿಗ್ಗಿಸಿದರೆ ನೆಲವೇನೂ ಹಿಗ್ಗುವುದಿಲ್ಲ ಎಂದು ಹೊಸಬರಿಗೆ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು.

ಹೀಗಿರುವಾಗ ಒಂದು ದಿನ ನಮ್ಮೂರಿನ ನಕ್ಷೆಯೇ ನನ್ನ ಮೇಜಿಗೆ ಬಂತು. ಅದರಲ್ಲಿ ನಮ್ಮ ಬಾವಿ ಇತ್ತು. ಸಂಜೆ ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

‘ಬಾವಿಯಿಂದ ಉತ್ತರಕ್ಕ, ಬದಾ ಹಿಡದು ನೆಟ್ಟಗ,’ ಎಂದಳು. ‘ಬಾವಿ ಹಗ್ಗ ಒಣಗಾಕ ಉದ್ದಕ ಚಾಚಿ ಹಾಕತಿದ್ದೆ. ಅದರ ತುದಿ ಕೂಸಿನ ಕಲ್ಲಿಗಿ ಮುಟ್ಟತಿತ್ತು.’

ಆ ಹಗ್ಗ ಎಷ್ಟು ಮಾರು ಎಂಬುದು ಅವಳಿಗೆ ಬಾಯಿಪಾಠ. ಮಾರು ಎಂದರೆ ಚಾಚಿದ ಎರಡು ತೋಳುಗಳ ಉದ್ದ. ಅವಳನ್ನು ಗೋಡೆಗೆ ನಿಲ್ಲಿಸಿ, ತೋಳು ಚಾಚಿಸಿ, ಟೇಪು ಹಿಡಿದೆ. ನಮ್ಮವ್ವ ಎಷ್ಟು ಸಣ್ಣ ಜೀವ ಎಂದು ಅವತ್ತು ನನಗೆ ಗೊತ್ತಾಯಿತು.

‘ತೋಳ ಕುಗ್ಗ್ಯಾವೇನ ನೋಡು, ವಯಸ್ಸಾತು,’ ಎಂದು ನಕ್ಕಳು.

ರವಿವಾರ ಅವಳನ್ನು ಕಚೇರಿಗೆ ಕರೆದುಕೊಂಡು ಹೋದೆ. ನಕ್ಷೆ ಫೋಟೋದ ಮೇಲೆ ಸರಿಯಾಗಿ ಕೂತಿತ್ತು. ಬಾವಿ ಬಿದ್ದದ್ದು ಕಾಲುವೆಯ ಉತ್ತರದ ಏರಿಯಲ್ಲಿ. ಪರದೆ ತೋರಿಸುವ ಬಾವಿಯ ಜಾಗದ ಅಂಕಿಗೆ ಹಗ್ಗದ ಅಳತೆಯನ್ನು ಕೂಡಿಸಿ ಗುಂಡಿ ಒತ್ತಿದೆ. ಕೆಂಪು ಚುಕ್ಕೆ ಕಾಲುವೆಯ ನಡುವೆ ಹೋಗಿ ನಿಂತಿತು.

‘ಹಸರಗ ಕಾಣಾಕತ್ತೈತಲ್ಲ, ಅದು ನೀರೇನವ್ವಾ?’ ಎಂದು ಅವ್ವ ಕೇಳಿದಳು.

‘ಹೌದು ಯವ್ವಾ.’

ಅವಳು ಸೆರಗು ಸರಿಮಾಡಿಕೊಂಡಳು. ‘ಇರ್ಲಿ ಬಿಡು. ನನಗ ಮೊದಲ ಗೊತ್ತಿತ್ತು,’ ಎಂದು ಎದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರದ ಮೇಲೆ, ಬಾಯಿ ಬಿಡದೆ ಸತ್ತ ಅಪ್ಪನ ಮೇಲೆ, ಎಲ್ಲರ ಮೇಲೂ. ‘ಎಲ್ಲಿಗಿ ಹೊಂಟಿ? ಕುಂದ್ರು ಸುಮ್ನ!’ ಎಂದು ಅವಳ ಮೇಲೇ ರೇಗಿದೆ. ಪಾಪ, ಕೂತಳು.

ಗೊತ್ತಿದ್ದ ಒಂದು ಜಾಗ ಹಿಡಿದು ಪರೀಕ್ಷಿಸಿದೆ. ಹನುಮಪ್ಪನ ಗುಡಿ ಬಾವಿಗೆ ಉತ್ತರಕ್ಕಿತ್ತೆಂದು ಊರಿಗೆಲ್ಲ ಗೊತ್ತು. ಆದರೆ ಪರದೆಯಲ್ಲಿ ಗುಡಿಯ ಅಂಕಿ ಬಾವಿಯ ಅಂಕಿಗಿಂತ ಚಿಕ್ಕದಿತ್ತು. ಆಗ ತಲೆಗೆ ಹೊಳೆಯಿತು. ನಕ್ಷೆಯಲ್ಲಿ ಉತ್ತರಕ್ಕೆ ಹೋದಂತೆ ಅಂಕಿ ಏರುತ್ತದೆ. ಪರದೆಯ ಚಿತ್ರದಲ್ಲಿ ಎಣಿಕೆ ಮೇಲಿನ ಮೂಲೆಯಿಂದ ಕೆಳಕ್ಕೆ, ಅಲ್ಲಿ ಉತ್ತರಕ್ಕೆ ಹೋದಂತೆ ಅಂಕಿ ಇಳಿಯುತ್ತದೆ. ನಾನು ಕೂಡಿಸಿದ್ದರಿಂದ ಚುಕ್ಕೆ ದಕ್ಷಿಣಕ್ಕೆ ಇಳಿದಿತ್ತು. ದಿನವೂ ಮಾಡುವ ಲೆಕ್ಕ; ಅವ್ವ ಪಕ್ಕದಲ್ಲಿದ್ದಳೆಂದು ಕೈ ತಪ್ಪಿತ್ತು. ಕೂಡಿಸಿದ್ದನ್ನು ಕಳೆದೆ. ಚುಕ್ಕೆ ಬಾವಿಯನ್ನು ದಾಟಿ, ಏರಿಯನ್ನು ಇಳಿದು, ಈಗ ಯಾರದೋ ಆಗಿದ್ದ ತೊಗರಿ ಹೊಲದಲ್ಲಿ ನಿಂತಿತು.

ಮಧ್ಯಾಹ್ನವೇ ಟಂಟಂ ಆಟೋ ಹಿಡಿದು ಹೊರಟೆವು. ಹೊಲದವರಿಗೆ ಹೇಳಿ ಒಳಗೆ ಹೋಗಿ, ಏರಿಯಿಂದ ಅಳೆದು ಜಾಗ ತೋರಿಸಿದೆ. ಒಂದೆರಡು ಗಜ ಅತ್ತಿತ್ತ ಆಗಬಹುದು ಎಂದೆ.

‘ಅಷ್ಟ ಸಾಕು,’ ಎಂದಳು.

ತೊಗರಿ ಸಾಲಿನ ನಡುವೆ ಕೂತು ಬೆರಳಿನಿಂದ ಮಣ್ಣು ಕೆದರಿದಳು. ಮಣಿಕಟ್ಟಿನವರೆಗೆ ಕೈ ಇಳಿಸಿ ಬಹಳ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಆ ಕೈಯನ್ನು ತಂದು ನನ್ನ ಕೆನ್ನೆಗೆ ಒತ್ತಿದಳು.

‘ಒಣಾ ಐತಿ ನೋಡು. ಬೆಚ್ಚಗ ಮಲಗ್ಯಾಳ ನಿಮ್ಮಕ್ಕ.’

ಅಲ್ಲಿಯವರೆಗೆ ಅವಳ ಬಾಯಲ್ಲಿ ಅದು ಬರೀ ಕೂಸು. ನನಗೊಬ್ಬಳು ಅಕ್ಕ ಇದ್ದಾಳೆಂದು ಅವ್ವ ಹೇಳಿದ್ದು ಅವತ್ತೇ ಮೊದಲು.