ಅತ್ತೆ ಮೈಮೇಲೆ ಎಳೆದುಕೊಂಡ ತಪ್ಪು

ನನ್ನ ಅತ್ತೆಯ ಬಲ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಹುರಿದೂ ಹುರಿದೂ ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬಾಯಿಯೂ ಅಷ್ಟೇ ಬಿಸಿ. ನಾನು ಸಾರಿಗೆ ಉಪ್ಪು ಮರೆತರೆ, "ಯಾಕ, ಅಂಗಡಿಯಾಗ ಉಪ್ಪು ಮುಗುದೈತೇನು?" ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ಆಮೇಲೆ ಅದೇ ಸಾರನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಆ ಗದರಿಕೆಗಾಗಿ ಈಗ ಕಿವಿ ಹಂಬಲಿಸುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಬಹಳ ಕಾಲವಾದರೂ ನನ್ನ ಮಡಿಲು ತುಂಬಿರಲಿಲ್ಲ. ಉಕ್ಕಡಗಾತ್ರಿಗೆ ಹರಕೆ ಹೊತ್ತದ್ದಾಯಿತು, ಹರಿಹರದ ಹೊಳೆಯಲ್ಲಿ ಮುಳುಗಿದ್ದಾಯಿತು. ಕೊನೆಗೆ, ತೀರಿಕೊಂಡ ಮಾವನ ಅಣ್ಣ, ಗುತ್ತೂರಿನ ದೊಡ್ಡಮಾವ, ನನ್ನ ಯಜಮಾನರಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಾರೆಂಬ ಸುದ್ದಿ ಬಂತು. ನಾನು ತವರಿಗೆ ಹೋಗಲು ಸೀರೆ ಮಡಿಸಿಟ್ಟುಕೊಂಡೆ. ಅತ್ತೆಗೆ ಒಳಗೊಳಗೇ ಏನೋ ಕೊರೆಯುತ್ತಿತ್ತು. ಮರುದಿನ ಭಟ್ಟಿ ಹೊತ್ತಿಸದೆ ನಮ್ಮಿಬ್ಬರನ್ನೂ ಡಾಕ್ಟರ ಬಳಿಗೆ ಎಳೆದೊಯ್ದರು.

ನನಗೇನೂ ತೊಂದರೆಯಿಲ್ಲವೆಂದು ಡಾಕ್ಟರು ಹೇಳಿದರು. ಬಳಿಕ ಯಜಮಾನರ ವೀರ್ಯ ಪರೀಕ್ಷಿಸಿ, ಹಿಂದೆ ಯಾವಾಗಲಾದರೂ ಕೆಳಗೆ ಬಾವು ಬಂದಿತ್ತೇ ಎಂದು ಕೇಳಿದರು. ಯಜಮಾನರು ತಲೆ ತಗ್ಗಿಸಿದರು. ಉತ್ತರ ಕೊಟ್ಟವರು ಅತ್ತೆ. "ಮದುವಿಗೆ ಮುಂಚೆ ಬಂದಿತ್ರಿ. ಎರಡೂ ಕಡೆ ಬಾತು ಜ್ವರದಾಗ ಒದ್ದಾಡಿದ. ನಾಚಿಕಿಗೆ ಯಾರಿಗೂ ಹೇಳಲಿಲ್ಲ. ನಾನೇ ಭಟ್ಟಿ ಉಸುಕು ಬಟ್ಟಿಯಾಗ ಕಟ್ಟಿ ಶಾಖ ಕೊಟ್ಟೆ."

ಡಾಕ್ಟರು ದಾರವೊಂದನ್ನು ಬೆರಳಿಗೆ ಸುತ್ತಿ ತೋರಿಸಿದರು. ವೃಷಣದ ಬೆನ್ನಿಗೆ ಹೀಗೆ ಸುರುಳಿ ಸುತ್ತಿಕೊಂಡ ನವಿರಾದ ನಾಳವೊಂದಿದೆಯಂತೆ. ವೀರ್ಯಾಣುಗಳು ಅದರಲ್ಲಿ ಹಾದುಬರುವಾಗಲೇ ಬಲಿತು ಈಜುವ ಶಕ್ತಿ ಪಡೆಯುತ್ತವಂತೆ. ಆ ನಾಳಕ್ಕೆ ನಂಜು ಹತ್ತಿ ಬಾತಿತ್ತು; ವಾಸಿಯಾಗುವಾಗ ಎರಡೂ ಕಡೆ ಮುಚ್ಚಿಕೊಂಡಿದೆ. "ಗಂಡಸುತನಕ್ಕೇನೂ ಕೊರತೆಯಿಲ್ಲ, ದಾರಿ ಮಾತ್ರ ಕಟ್ಟಿದೆ. ನಿಮ್ಮ ಉಸುಕಿನಿಂದ ಆಗಿದ್ದಲ್ಲಮ್ಮ, ಅದು ನಂಜಿನ ಕೆಲಸ" ಎಂದರು.

ಮುಂದಿನ ವಾರ ದೊಡ್ಡಮಾವ ಬಂದು ಕಟ್ಟೆಯ ಮೇಲೆ ಕೂತರು. "ಹೆಣ್ಣಿನ ಕಡೇರು ಕಾಯ್ತಾ ಕುಂತಾರ. ಏನ್ ಹೇಳ್ಲಿ?" ಎಂದರು. ಇದ್ದದ್ದನ್ನು ಹೇಳಿದರೆ ಯಜಮಾನರು ಓಣಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಹೇಳದಿದ್ದರೆ ನನಗೆ ಮನೆ ಇರಲಿಲ್ಲ. ಅತ್ತೆ ಬಾಗಿಲಿಗೆ ಬಂದು ನಿಂತರು.

"ಸೊಸಿಗೆ ಐಬಿಲ್ರಿ, ಮಗನಿಗೂ ಇಲ್ಲ. ಅವನಿಗೆ ಬ್ಯಾನಿ ಬಂದಾಗ ಡಾಕ್ಟರ ಕಡಿಗೆ ಹೋಗೋದು ಬ್ಯಾಡ ಅಂತ ಕಾದ ಉಸುಕು ಕಟ್ಟಿ ಕೆಡಿಸಿದಾಕಿ ನಾನು. ಇನ್ನೆಷ್ಟು ಹೆಣ್ಣು ತಂದ್ರೂ ಈ ಮನಿಯಾಗ ತೊಟ್ಟಿಲು ಕಟ್ಟಂಗಿಲ್ಲ. ಬೈಯೋದಿದ್ರ ನನ್ನ ಬೈರಿ."

ದೊಡ್ಡಮಾವ ಬಾಯಿಗೆ ಬಂದಂತೆ ಬೈದರು. ವಂಶ ಸುಟ್ಟವಳೆಂದು ಓಣಿಯವರು ವರ್ಷಗಟ್ಟಲೆ ಆಡಿಕೊಂಡರು. ಆದರೆ ಹೆಣ್ಣಿನ ಮಾತು ಅಲ್ಲಿಗೇ ನಿಂತಿತು. "ಡಾಕ್ಟರು ಉಸುಕಿಂದ ಅಲ್ಲ ಅಂದಿದ್ರಲ್ಲ, ಯಾಕತ್ತಿ ಹಂಗಂದ್ರಿ?" ಎಂದು ನಾನು ಅತ್ತಾಗ, "ಮುದುಕಿ ಮ್ಯಾಲೆ ಬಿದ್ದ ಮಾತು ಎಷ್ಟು ದಿನ ಇರ್ತೈತೆ? ನೀ ಉಣ್ಣು, ನಡಿ" ಎಂದರು. ನನ್ನನ್ನು ಕರೆಯದ ತೊಟ್ಟಿಲ ಶಾಸ್ತ್ರಕ್ಕೆ ಅವರೂ ಹೋಗುತ್ತಿರಲಿಲ್ಲ.

ಆ ದಶಕ ಮುಗಿಯುವ ಮೊದಲೇ ಅತ್ತೆ ಹೋದರು. ನನ್ನನ್ನು ಅವ್ವಾ ಎಂದು ಕರೆಯುವವರು ಹುಟ್ಟಲಿಲ್ಲ, ಅದು ರೂಢಿಯಾಯಿತು. ಅತ್ತೀ ಎಂದು ನಾನು ಕರೆದರೆ ಓಗೊಡುವವರಿಲ್ಲ ಎಂಬುದು ಮಾತ್ರ ಇವತ್ತಿಗೂ ರೂಢಿಯಾಗಿಲ್ಲ.