ಮೂಲೆಯಲ್ಲಿದ್ದವರು

ಅಮೆರಿಕದ ಮೆಟುಚೆನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಧಾರವಾಡದ ಎಂಜಿನಿಯರ್ ಜೊತೆ ಸಿನಿಮಾ ನೋಡುವುದು ಒಂದು ಶಿಕ್ಷೆ. ಅವರಿಗೆ ಬೇಕಾದದ್ದು ಜಪಾನಿ ದೆವ್ವದ ಚಿತ್ರಗಳು. ಅದರಲ್ಲೂ, ಸತ್ತವರ ಕ್ಯಾಮೆರಾದಲ್ಲಿ ಸಿಕ್ಕ ನಿಜವಾದ ವಿಡಿಯೊ ಎಂದು ನಂಬಿಸುವಂಥವು. ದೆವ್ವ ಬರುವ ಹೊತ್ತಿಗೆ ಸರಿಯಾಗಿ ರಿಮೋಟ್ ಒತ್ತಿ ನಿಲ್ಲಿಸುತ್ತಿದ್ದರು. ಕನ್ನಡಕ ಹಣೆಗೇರಿಸಿ, ಪರದೆಯ ಮೂಲೆಯಲ್ಲಿದ್ದ ಯಾರೋ ಫಿಲಿಪ್ಪೀನ್ಸಿನ ನರ್ಸನ್ನೋ ಬ್ರೆಜಿಲ್ಲಿನ ಕೂಲಿಯವನನ್ನೋ ಬೆರಳಿಟ್ಟು ತೋರಿಸುತ್ತಿದ್ದರು.

ಒಂದು ಚಿತ್ರದಲ್ಲಿ ದೆವ್ವ ಹೋಟೆಲಿಗೆ ನುಗ್ಗಿತು. ಕೊನೆಗೆ ಕಾಣೆಯಾದವರ ಪಟ್ಟಿ ಬಂತು. ಎಲ್ಲವೂ ಜಪಾನಿ ಹೆಸರುಗಳು. ಅಲ್ಲಿದ್ದ ನೇಪಾಳಿ ಅಡುಗೆಯವನ ಹೆಸರಿಲ್ಲ.

“ಅಂವಾನೂ ಅಲ್ಲೇ ಇದ್ದನಲ್ರೀ?” ಎಂದರು, ಎಂದಿನಂತೆ.

“ಅದು ಬರೀ ಕಥೆ ಸಾರ್. ಮುಂದೆ ಹಾಕಿ.”

“ಖರೇ ವಿಡಿಯೊ ಅಂತಾರಲ್ಲ. ಖರೇ ಇದ್ರ ಅಂವನ್ನೂ ಹುಡುಕಬೇಕಿತ್ತು.”

ಮೂರು ಸಲ ಹಿಂದಕ್ಕೆ ಹಾಕಿ ನೋಡಿದರು. ನಾನು ರೇಗಿ ಎದ್ದು ಬಂದೆ.

ಮರುದಿನ ನನ್ನ ಮಗಳ ಹುಟ್ಟುಹಬ್ಬಕ್ಕೆ ಅವರು ಬರಲಿಲ್ಲ ಎಂದು ನನ್ನ ಡೈರಿಯಲ್ಲಿದೆ. ಅದೇ ಸಿಟ್ಟಿಗೆ, ಅವರು ಮನೆ ಖಾಲಿ ಮಾಡಿದಾಗ ನಾನು ಕೆಳಗಿಳಿದು ಹೋಗಲೂ ಇಲ್ಲ.

ಕಳೆದ ವಾರ ಆ ಹುಟ್ಟುಹಬ್ಬದ ವಿಡಿಯೊ ನೋಡಿದೆ. ಕೇಕಿನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಅವರು ನಮ್ಮ ತಟ್ಟೆಗಳನ್ನು ಒರೆಸುತ್ತ ನಿಂತಿದ್ದಾರೆ. ಕ್ಯಾಮೆರಾ ಅವರನ್ನು ದಾಟಿ ಮುಂದೆ ಹೋಗುತ್ತದೆ. ಅದನ್ನು ಹಿಡಿದಿದ್ದವನು ನಾನೇ.

ಎಷ್ಟು ಸಲ ಹಿಂದಕ್ಕೆ ಹಾಕಿದೆನೋ ಗೊತ್ತಿಲ್ಲ. ಹಾಳು ಮನುಷ್ಯ, ಒಮ್ಮೆ ಕೈಯಾದರೂ ಬೀಸಬಾರದಿತ್ತೇ?