ವಾಸನೆಯಿಲ್ಲದ ಹೂವಿನ ಮರಗಳು

ಕೂಟಗಲ್ ಹತ್ತಿರದ ನಮ್ಮೂರಿನಲ್ಲಿ ಹೊಸ ಮನೆ ಕಟ್ಟಿ ಮುಗಿದಾಗ ಮುಂದುಗಡೆ ಎತ್ತಿನ ಗಾಡಿ ಆರಾಮಾಗಿ ತಿರುಗಿಸುವಷ್ಟು ಜಾಗ ಉಳಿಯಿತು. ಒಕ್ಕಲು ಮನೆಯವರು ಅಂಥ ಜಾಗ ಸಿಕ್ಕರೆ ಹುಲ್ಲಿನ ಮೆದೆ ಒಟ್ಟುತ್ತಾರೆ, ಇಲ್ಲವೇ ಸೌದೆ ಪೇರಿಸುತ್ತಾರೆ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ಇಲ್ಲಿ ಹೂವಿನ ಮರಗಳೇ ಆಗಬೇಕು ಎಂದೆ. ನಮ್ಮ ಯಜಮಾನರಿಗೆ ಜಗಳ ಎಂದರೆ ಆಗದು. "ನಿನ್ನಿಷ್ಟ, ಅವ್ವನ್ನ ಒಂದ್ಮಾತು ಕೇಳು" ಎಂದು ತೋಟಕ್ಕೆ ಹೊರಟೇಬಿಟ್ಟರು. ಅವ್ವನನ್ನು, ಅಂದರೆ ನಮ್ಮತ್ತೆಯನ್ನು, ಕೇಳುವುದೇ ಕಷ್ಟದ ಕೆಲಸ ಎಂಬುದು ಅವರಿಗೂ ಗೊತ್ತಿತ್ತು.

ನನಗೆ ಬೇಕಾಗಿದ್ದದ್ದು ಸಂಪಿಗೆ. ಸೋಲೂರು ಕಡೆಯ ನನ್ನ ತವರಿನಲ್ಲಿ ಬಾವಿಯ ಪಕ್ಕ ಒಂದು ಸಂಪಿಗೆ ಮರವಿತ್ತು. ಬೆಳಗ್ಗೆ ನೀರು ಸೇದುವಾಗ ಅದರ ಹೂವು ಕೊಡದೊಳಕ್ಕೇ ಬೀಳುತ್ತಿತ್ತು. ಮದುವೆಯಾಗಿ ಬಂದ ಮೇಲೆ ತವರಿನ ಮಂದಿಗಿಂತ ಆ ವಾಸನೆಯೇ ನನಗೆ ಹೆಚ್ಚು ನೆನಪಾಗುತ್ತಿತ್ತು. ನಮ್ಮಮ್ಮ ಕೇಳಿಸಿಕೊಂಡಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದಳು, ಆದರೂ ನಿಜ. ಅದೊಂದು ಮರ ಮುಂದೆ ನಿಂತರೆ ಈ ಮನೆ ನನ್ನದೂ ಆಗುತ್ತದೆ ಎಂಬ ಹಟ ನನ್ನೊಳಗೆ ಕೂತಿತ್ತು.

"ಸಂಪ್ಗೆನಾ? ಈ ಮನೆ ಮುಂದ್ಕಾ?" ರಾಗಿ ಕೇರುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತಲೇ ಇಲ್ಲ. "ಹುಳ ಮೇಯ್ಸೋ ಮನೆ ಕಣಮ್ಮಿ ಇದು. ವಾಸ್ನೆ ಆಗಕಿಲ್ಲ."

ರೇಷ್ಮೆ ಹುಳು ಸಾಕುವ ಮನೆಗಳ ಕಟ್ಟುಪಾಡು ಗೊತ್ತಿಲ್ಲದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆಗ ಹುಳುವಿಗೆ ಬೇರೆ ಮನೆ ಇರಲಿಲ್ಲ. ನಡುಮನೆಯ ತುಂಬ ಹುಳುವಿನ ತಟ್ಟೆಗಳು, ನಾವು ಮೂಲೆಯಲ್ಲಿ. ಹುಳು ಮೇಯುವಷ್ಟು ದಿನ ಊದುಬತ್ತಿ ಹಚ್ಚುವಂತಿಲ್ಲ, ಬೆಳ್ಳುಳ್ಳಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದಿದವರು ಹೊಸ್ತಿಲು ದಾಟುವಂತಿಲ್ಲ, ಹೆಂಗಸರು ಹೂವು ಮುಡಿಯುವಂತಿಲ್ಲ. ಗಾಢ ವಾಸನೆ ತಾಕಿದರೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಬೆಳೆ ಕೈಗೆ ಹತ್ತುವುದಿಲ್ಲ ಎಂದು ಸುತ್ತಮುತ್ತಲಿನವರೆಲ್ಲ ನಂಬಿದ್ದರು. ಒಂದು ಬೆಳೆಯ ಗೂಡು ಬಿಡಿಸಿ ನಾಲ್ಕಾರು ದಿನಕ್ಕೇ ಇನ್ನೊಂದು ಬೆಳೆಯ ಮರಿ ಬಂದುಬಿಡುತ್ತಿತ್ತು. ನಮ್ಮ ಮನೆಯ ದೇವರಿಗೂ ಊದುಬತ್ತಿ ಸಿಗುತ್ತಿದ್ದದ್ದು ನಡುವಿನ ಆ ನಾಲ್ಕಾರು ದಿನ ಮಾತ್ರ.

ಸರಿ, ವಾಸನೆ ಬೇಡ, ಚೆಂದವಾದರೂ ಇರಲಿ ಎಂದು ಹೊರಟೆ. ಯಜಮಾನರು ರಾಮನಗರದ ನರ್ಸರಿಯಿಂದ ಗುಲ್‌ಮೊಹರ್ ಸಸಿಯನ್ನೂ ಒಂದಿಷ್ಟು ಬಣ್ಣದ ಕ್ರೋಟನ್ ಗಿಡಗಳನ್ನೂ ತಂದರು. ನಮ್ಮ ಮಾವ ಗುಲ್‌ಮೊಹರ್ ಸಸಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗಾಳಿಗೆ ಮುರ್ಕೊಂಡು ಬೀಳೋ ಮರ ಯಾಕವ್ವ? ಬೆಟ್ಟದ ಬುಡ್ದಲ್ಲಿ ನಮ್ಮವೇ ಬೇಕಾದಂಗವೆ, ಬಾ ತೋರಿಸ್ತೀನಿ" ಎಂದರು. ಚಿಕ್ಕಂದಿನಲ್ಲಿ ಕುರಿ ಮೇಯಿಸಿದವರು ಅವರು, ಬಂಡೆಗಳ ಸಂದಿಯ ಒಂದೊಂದು ಗಿಡವೂ ಅವರಿಗೆ ನೆಂಟನೇ. ಆ ಬೇಸಿಗೆ ಮಾವನೂ ಸೊಸೆಯೂ ಬೆಟ್ಟದ ತಪ್ಪಲು ಸುತ್ತಿದ್ದೇ ಸುತ್ತಿದ್ದು. ಊರವರು ನಕ್ಕರು. ನಗಲಿ ಬಿಡಿ.

ತಂದ ಪ್ರತಿ ಹೂವನ್ನೂ ಅತ್ತೆ ಮೂಸಿ ನೋಡಬೇಕಿತ್ತು. ಮುತ್ತುಗದ ಹೂವನ್ನು ಮೂಗಿಗೆ ಹಿಡಿದು, "ಇದ್ಕೆ ಬಣ್ಣ ಬುಟ್ರೆ ಏನೂ ಇಲ್ಲ. ಹಾಕು, ಊಟದೆಲೆ ಹಚ್ಚಕ್ಕಾದ್ರೂ ಆಯ್ತದೆ" ಎಂದರು. ಕಕ್ಕೆಯ ಹಳದಿ ಗೊಂಚಲಿಗೆ, "ಒಸಿ ವಾಸ್ನೆ ಐತೆ. ದೂರ, ಆ ಮೂಲೆಗಾಕು." ಬೇಲಿಯುದ್ದಕ್ಕೂ ಆವರಿಕೆಗೆ ಒಪ್ಪಿದರು, ನೀರು ಕೇಳದು, ದನ ಬಾಯಿ ಹಾಕದು. ಗುಡಿಯ ಹತ್ತಿರ ಬಿದ್ದಿದ್ದ, ಘಮಘಮಿಸುವ ರಂಜದ ಹೂವನ್ನು ಮಾವ ಆಸೆಯಿಂದ ತಂದರೆ, ಅತ್ತೆ ಮೂಸದೆಯೇ ಹಿಂದಕ್ಕೆ ಕೊಟ್ಟರು. ಪೋಲೀಸು ತನಿಖೆಯೂ ಇಷ್ಟು ಬಿಗಿ ಇರಲಾರದು ಎಂದು ನಾನು ಗೊಣಗಿದೆ, ಅವರಿಗೆ ಕೇಳಿಸುವ ಹಾಗೆಯೇ.

ಮುತ್ತುಗದ ಸಸಿಯನ್ನು ಬೆಟ್ಟದಿಂದ ಕಿತ್ತು ತಂದು ನೆಟ್ಟೆವು, ಒಣಗಿತು. ತಾಯಿ ಬೇರು ಎಲ್ಲಿಗೋ ಇಳಿದಿರುತ್ತದೆ, ಕಿತ್ತರೆ ತುಂಡಾಗುತ್ತದೆ. ಆಮೇಲೆ ಬೀಜವನ್ನೇ ಮರ ಬೇಕಾದ ಜಾಗದಲ್ಲಿ ಹೂತೆವು. ಮೊದಲು ಮೈತುಂಬ ಹೂ ಬಿಟ್ಟದ್ದು ಕಕ್ಕೆ. ಎಷ್ಟೋ ವರ್ಷದ ಮೇಲೆ ಮುತ್ತುಗ, ಒಂದೆಲೆಯೂ ಇಲ್ಲದೆ ಬರೀ ಕೆಂಪು. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಗಿಳಿಗಳು ಜಗಳವಾಡುತ್ತಿದ್ದವು. ನನಗೆ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳು. ಆದರೂ ಕಣ್ಣಿಗೆ ಹಬ್ಬ, ಮೂಗಿಗೆ ಉಪವಾಸ. ಅತ್ತೆಯ ಮೇಲಿನ ಮುನಿಸು ಒಳಗೆ ಹಾಗೇ ಇತ್ತು.

ಮುತ್ತುಗ ಹೂ ಬಿಟ್ಟದ್ದನ್ನು ನೋಡಿದ ಮೇಲೆ ಮಾವ ಬಹಳ ದಿನ ಇರಲಿಲ್ಲ. ಅವರು ತೀರಿಕೊಂಡ ಮರುವರ್ಷ ಯಜಮಾನರು ಹಿಪ್ಪುನೇರಳೆ ತೋಟದಲ್ಲೇ ಹುಳುವಿಗೆ ಬೇರೆ ಮನೆ ಕಟ್ಟಿಸಿದರು. ತಟ್ಟೆಗಳೆಲ್ಲ ಅಲ್ಲಿಗೆ ಹೋದವು. ನಡುಮನೆ ಬಿಕೋ ಎನ್ನುತ್ತಿತ್ತು. ಹೆದರಿಕೊಂಡೇ ಒಂದು ಊದುಬತ್ತಿ ಹಚ್ಚಿದೆ. ಅತ್ತೆ ನೋಡಿ, ಮೊರ ಎತ್ತಿಕೊಂಡು ಹಿತ್ತಿಲಿಗೆ ನಡೆದರು.

ಮುಂದಿನ ಸಲ ಗೂಡು ಮಾರಲು ಯಜಮಾನರು ರಾಮನಗರದ ಮಾರ್ಕೆಟ್ಟಿಗೆ ಹೊರಟಾಗ ಅತ್ತೆಯೂ ಟೆಂಪೋ ಹತ್ತಿದರು. ಸಂಜೆ ಇಳಿಯುವಾಗ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರಿನ ಸಸಿ ಇತ್ತು.

"ಏನತ್ತೆ ಇದು?"

"ಕಾಣಕಿಲ್ವಾ? ಸಂಪ್ಗೆ. ಕಸಿ ಕಟ್ಟಿರದು, ಬಿರ್‍ರನೆ ಹೂ ಬುಡ್ತದಂತೆ."

ಇಷ್ಟು ವರ್ಷದ ಮೇಲಾದರೂ ನನ್ನ ಆಸೆ ನೆನಪಿಟ್ಟು ತಂದರಲ್ಲ ಎಂದು ಗುದ್ದಲಿ ಹಿಡಿದು, ಸಂಪಿಗೆಗೆಂದೇ ನಾನು ಖಾಲಿ ಬಿಟ್ಟಿದ್ದ ಗೇಟಿನ ಬಳಿಯ ಜಾಗಕ್ಕೆ ಓಡಿದೆ. ಅತ್ತೆ ಮಾತ್ರ ಸಸಿಯನ್ನು ತಮ್ಮ ಕೋಣೆಯ ಕಿಟಕಿಯ ಕೆಳಗಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು.

"ಅಲ್ಲಿ ಬೇಡ ಅತ್ತೆ, ಗೋಡೆಗೆ ಹತ್ತಿರವಾಗುತ್ತೆ."

"ಇಲ್ಲೇ ಇರ್ಲಿ ಕಣವ್ವ." ಸಸಿಯ ಎಲೆ ಸವರುತ್ತಾ ಅವರು ಹೇಳಿದರು: "ಹಳೇ ಮನೆಗೆ ಮದ್ವೆಣ್ಣಾಗಿ ಬಂದಾಗ ತಲೆ ತುಂಬ ಸಂಪ್ಗೆ ಮುಡ್ಕೊಂಡಿದ್ದೆ. ಒಳ್ಗೆ ಹುಳ ಗೂಡು ಕಟ್ಟೋ ಹೊತ್ತು. ನಮ್ಮತ್ತೆ ಹೊಸ್ಲಲ್ಲೇ ನಿಲ್ಸಿ ಎಲ್ಲಾನೂ ತೆಗ್ಸುದ್ರು. ಆಮೇಕೆ ಬುಡುವೆಲ್ಲಿತ್ತು, ಒಂದಾದ್ಮೇಲೊಂದು ಬೆಳೆ."

"ಈಗ ಹುಳು ಆಚೆ ಹೋಯಿತಲ್ಲ, ಮುಡಿಯಿರಿ" ಎಂದುಬಿಟ್ಟೆ. ಅಂದ ಮೇಲೆ ಅವರ ಬರೀ ಹಣೆ ಕಂಡಿತು.

"ಹುಳ ಏನೂ ಅನ್ನಕಿಲ್ಲ. ಊರೋರು ಅಂತಾರಲ್ಲವ್ವ" ಎಂದು ಅತ್ತೆ ನಕ್ಕರು. "ಮಲಿಕ್ಕಂಡಾಗ ಕಿಟಕಿಲಿ ಒಸಿ ಬಂದ್ರೆ ಸಾಕು."

ಗೋಡೆಯಿಂದ ನಾಲ್ಕು ಮಾರು ಆಚೆ, ಕಿಟಕಿಗೆ ನೇರವಾಗಿ ನಾನೇ ಗುಂಡಿ ತೆಗೆದೆ. ಗೇಟಿನ ಬಳಿಯ ಜಾಗ ಹಾಗೇ ಖಾಲಿ ಉಳಿಯಿತು.

ಮೊದಲ ಹೂವು ಅರಳಿದ ದಿನ ಮನೆಯಲ್ಲಿ ನಾವಿಬ್ಬರೇ. ಕಿತ್ತು ತಂದು, ಬಾಗಿಲು ಮುಚ್ಚಿ, ಅಗುಳಿ ಹಾಕಿದೆ. ಕೇಳಿದರೆ ಬೇಡ ಎನ್ನುತ್ತಾರೆಂದು ಕೇಳಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಹಿಂದೆ ಹೋಗಿ, ಅವರ ಸಣ್ಣ ಬಿಳಿ ತುರುಬಿಗೆ ಸಿಕ್ಕಿಸಿದೆ. ಅವರ ಕೈ ತಟ್ಟನೆ ಹಿಂದಕ್ಕೆ ಬಂತು. ಕಿತ್ತೇ ಹಾಕುತ್ತಾರೆ ಎಂದುಕೊಂಡೆ. ಅತ್ತೆ ಹೂವನ್ನು ತಡವಿ ನೋಡಿ, ಜಾರದ ಹಾಗೆ ಇನ್ನೂ ಒಳಕ್ಕೆ ಒತ್ತಿಕೊಂಡರು.